ಬರೆದದ್ದು ಎರಡು ಹೈಫನ್, ಕಂಡದ್ದು ಒಂದೇ ಗೆರೆ: ತಲೆಬರಹಗಳ ಒಂದು ಪ್ರಕರಣ

ಇದು ಒಂದು ಸಹಾಯ ತಾಣದಲ್ಲಿ ನಡೆದದ್ದು. ತಾಣದ ಹೆಸರನ್ನಾಗಲಿ, ಅಲ್ಲಿ ಕೆಲಸ ಮಾಡುವವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳು ಮಾತ್ರ ಇದ್ದ ಹಾಗೇ ಇವೆ. ಕಮಾಂಡ್‌ಗಳನ್ನು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆದೇಶಗಳನ್ನು, ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಅವುಗಳ ನಡುವೆ ಬರುವ ಚಿಹ್ನೆಗಳ ಮೇಲೆ ಕಣ್ಣಿಡಿ. ಕಥೆಯೆಲ್ಲ ಇರುವುದು ಅಲ್ಲೇ.

ಹಿನ್ನೆಲೆ

ತಾಣವನ್ನು ವೆಬ್ ತಾಣ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನಲ್ಲಿ ಕಟ್ಟಲಾಗಿತ್ತು. ಪ್ರೋಗ್ರಾಮಿಂಗ್ ಕಲಿಯುವವರಿಗೆ ನೆರವಾಗುವುದು ಅದರ ಕೆಲಸ. ಅಲ್ಲಿ ಎರಡು ಬಗೆಯ ಪುಟಗಳಿದ್ದವು. ಒಂದು, ಕುಳಿತು ಓದುವ ಲೇಖನಗಳು. ಇನ್ನೊಂದು, ಕಮಾಂಡ್ ಪುಟಗಳು. ಒಂದು ಕಮಾಂಡಿಗೆ ಒಂದು ಪುಟ, ಆ ಕಮಾಂಡೇ ಪುಟದ ತಲೆಬರಹ. ಓದುಗರು ಹುಡುಕಿಕೊಂಡು ಬರುತ್ತಾರೆ, ತಲೆಬರಹ ನೋಡುತ್ತಾರೆ, ಬೇಕಾದದ್ದು ಸಿಕ್ಕಿತು ಅನ್ನಿಸಿದರೆ ಅದನ್ನೇ ಕಾಪಿ ಮಾಡಿಕೊಂಡು ಹೋಗುತ್ತಾರೆ. ಕೆಳಗಿನ ವಿವರಣೆಯನ್ನು ಎಷ್ಟೋ ಜನ ಓದುವುದೇ ಇಲ್ಲ. ಅದು ತಪ್ಪೂ ಅಲ್ಲ. ಅವರಿಗೆ ಬೇಕಿದ್ದದ್ದು ಆ ಒಂದು ಸಾಲು.

ಕೆಲಸದಲ್ಲಿ ಮುಖ್ಯವಾಗಿ ಮೂವರಿದ್ದೆವು. ಒಬ್ಬರು ಸಂಪಾದಕಿ. ಕೊಟೇಶನ್ ಗುರುತು, ಡ್ಯಾಶು, ಸಾಲು ಮುರಿಯುವ ಜಾಗ, ಎಲ್ಲದರ ಮೇಲೂ ಅವರಿಗೆ ಪ್ರೀತಿ. ಪುಟ ಅಚ್ಚುಕಟ್ಟಾಗಿ ಕಂಡರೆ ಓದುಗರಿಗೆ ಮರ್ಯಾದೆ ಕೊಟ್ಟ ಹಾಗೆ ಅಂತ ಅವರು ನಂಬಿದ್ದರು. ಇನ್ನೊಬ್ಬರು ಕಮಾಂಡ್ ಪುಟಗಳನ್ನು ಬರೆಯುತ್ತಿದ್ದ ಹುಡುಗ. ತಾಣದ ಕೋಡ್ ನೋಡಿಕೊಳ್ಳುವವನು ನಾನು.

ಒಂದು ದಿನ ಓದುಗರೊಬ್ಬರಿಂದ ಪತ್ರ ಬಂತು. ‘ಗಿಟ್ ಕಮಿಟ್ --ಅಮೆಂಡ್’ ಪುಟದಿಂದ ಕಮಾಂಡ್ ಕಾಪಿ ಮಾಡಿದೆ, ಟರ್ಮಿನಲ್‌ಗೆ ಹಾಕಿದೆ, ಕೆಲಸ ಮಾಡುತ್ತಿಲ್ಲ ಅಂತ. ಗಿಟ್ ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಉಪಕರಣ, ಟರ್ಮಿನಲ್ ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ. ನಾವು ಪುಟ ತೆರೆದು ಒಳಗಿನ ಕೋಡ್ ಭಾಗ ನೋಡಿದೆವು. ಸರಿಯಾಗಿತ್ತು. ಕಾಪಿ ಮಾಡಿ ನೋಡಿದೆವು, ಕೆಲಸ ಮಾಡಿತು. ಟೈಪ್ ಮಾಡುವಾಗ ತಪ್ಪಾಗಿರಬಹುದು ನೋಡಿ ಅಂತ ಉತ್ತರ ಬರೆದೆವು.

ಆ ಉತ್ತರದ ಬಗ್ಗೆ ನನಗೆ ಈಗಲೂ ಬೇಸರ ಇದೆ. ಕಾಪಿ ಮಾಡಿದೆ ಅಂತ ಅವರು ಸ್ಪಷ್ಟವಾಗಿ ಬರೆದಿದ್ದರು. ಎಲ್ಲಿಂದ ಅಂತ ನಾವು ಕೇಳಲೇ ಇಲ್ಲ.

ಸಮಸ್ಯೆ ಗೊತ್ತಾದದ್ದು

ಅವರು ಬೇಸರ ಮಾಡಿಕೊಳ್ಳದೆ ಮತ್ತೆ ಬರೆದರು. ಈ ಸಲ ಟರ್ಮಿನಲ್ ಕೊಟ್ಟ ದೋಷದ ಸಾಲನ್ನೂ ಹಾಕಿದ್ದರು. ‘–ಅಮೆಂಡ್’ ಹೆಸರಿನ ಫೈಲ್ ಯಾವುದೂ ಗಿಟ್‌ಗೆ ಗೊತ್ತಿಲ್ಲ ಅನ್ನುವ ಅರ್ಥದ ಸಾಲು ಅದು. ಗಿಟ್ ಯಾಕೆ ಫೈಲಿನ ಮಾತು ಆಡುತ್ತಿದೆ? ಅಮೆಂಡ್ ಅನ್ನುವುದು ಆಯ್ಕೆ, ಅಂದರೆ ಕಮಾಂಡ್ ಹೇಗೆ ನಡೆಯಬೇಕು ಅಂತ ಹೇಳುವ ಮಾತು, ಫೈಲ್ ಅಲ್ಲ. ಅದನ್ನು ಆಯ್ಕೆ ಅಂತ ಗಿಟ್ ಗುರುತಿಸುವುದು ಮುಂದಿರುವ ಹೈಫನ್‌ಗಳಿಂದ. ಹಾಗಾದರೆ ಗಿಟ್‌ಗೆ ಅಲ್ಲಿ ಹೈಫನ್ ಸಿಕ್ಕೇ ಇಲ್ಲ.

ಅವರ ಸಾಲನ್ನು ಹಾಗೇ ಎತ್ತಿ, ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆ ತೋರಿಸುವ ಉಪಕರಣಕ್ಕೆ ಹಾಕಿದೆ. ಕೀಬೋರ್ಡಿನ ಹೈಫನ್‌ನ ಸಂಖ್ಯೆ 45. ಅಲ್ಲಿ 45, 45 ಅಂತ ಎರಡು ಸಲ ಬರಬೇಕಿತ್ತು. ಬಂದದ್ದು ಒಂದೇ ಸಂಖ್ಯೆ, 8211. ಅದು ಎನ್ ಡ್ಯಾಶ್, ಪುಸ್ತಕಗಳಲ್ಲಿ ಕಾಣುವ ಉದ್ದ ಗೆರೆ. ಆಗ ನಮ್ಮ ಪುಟದ ತಲೆಬರಹ ನೋಡಿದೆ. ಅಲ್ಲೂ ಒಂದೇ ಗೆರೆ. ಇಷ್ಟು ದಿನ ಅದು ಕಣ್ಣೆದುರೇ ಇತ್ತು. ದೊಡ್ಡ ಅಕ್ಷರದ ತಲೆಬರಹದಲ್ಲಿ ಎರಡು ಹೈಫನ್ ಒಂದಕ್ಕೊಂದು ಅಂಟಿದ ಹಾಗೆಯೇ ಕಾಣುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಇದು ವರ್ಡ್‌ಪ್ರೆಸ್‌ನ ದೋಷ ಅಲ್ಲ. ಅದರಲ್ಲಿ ಡಬ್ಲ್ಯೂಪಿಟೆಕ್ಸ್ಚರೈಸ್ ಅನ್ನುವ ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕು, ಇದೆ. ಪುಟ ತೋರಿಸುವ ಮುಂಚೆ ಅದು ಬರಹವನ್ನು ಅಚ್ಚಿನ ರೂಪಕ್ಕೆ ತರುತ್ತದೆ. ನೇರ ಕೊಟೇಶನ್ ಗುರುತನ್ನು ಬಾಗಿದ ಗುರುತು ಮಾಡುತ್ತದೆ. ಮೂರು ಚುಕ್ಕಿಗಳನ್ನು ಒಂದೇ ಅಕ್ಷರವಾದ … ಮಾಡುತ್ತದೆ, ಅದರ ಸಂಖ್ಯೆ 8230. ಪದಕ್ಕೆ ಅಂಟಿದ ಎರಡು ಹೈಫನ್ ಎನ್ ಡ್ಯಾಶ್ ಆಗುತ್ತದೆ, ಮೂರು ಹೈಫನ್ ಇನ್ನೂ ಉದ್ದದ ಎಮ್ ಡ್ಯಾಶ್ ಆಗುತ್ತದೆ. ಎರಡು ಅಂಕಿಗಳ ನಡುವೆ ಇಂಗ್ಲಿಷಿನ ಎಕ್ಸ್ ಅಕ್ಷರ ಬಂದರೆ ಅದು ಗುಣಾಕಾರದ × ಆಗುತ್ತದೆ.

ಇದರ ಹಿಂದೆ ಒಂದು ಹಳೆಯ ಕಾರಣ ಇದೆ. ಟೈಪ್‌ರೈಟರಿನಲ್ಲಿ ಕೀಲಿಗಳು ಕಡಿಮೆ. ಶುರುವಿನ ಕೊಟೇಶನ್‌ಗೂ ಕೊನೆಯ ಕೊಟೇಶನ್‌ಗೂ ಒಂದೇ ಕೀಲಿ. ಡ್ಯಾಶ್ ಇಲ್ಲ, ಹಾಗಾಗಿ ಎರಡು ಹೈಫನ್ ಹೊಡೆಯುವ ರೂಢಿ ಬಂತು. ಕಂಪ್ಯೂಟರ್ ಕೀಬೋರ್ಡಿಗೂ ಅದೇ ಮುಂದುವರಿಯಿತು. ಬರೆಯುವವರು ಅನಿವಾರ್ಯಕ್ಕೆ ಎರಡು ಹೈಫನ್ ಹೊಡೆದಿದ್ದಾರೆ, ಅವರ ಮನಸ್ಸಿನಲ್ಲಿ ಇರುವುದು ಡ್ಯಾಶ್ ಅಂತ ಈ ಫಂಕ್ಷನ್ ಊಹಿಸುತ್ತದೆ. ಲೇಖನಗಳಲ್ಲಿ ಆ ಊಹೆ ಸಾಮಾನ್ಯವಾಗಿ ಸರಿ. ಆದರೆ ಕಮಾಂಡ್‌ಗಳ ಲೋಕದಲ್ಲಿ ಬೇರೆಯೇ ರೂಢಿ ಬೆಳೆದಿದೆ. ಗ್ನೂ ಅನ್ನುವ ಮುಕ್ತ ಸಾಫ್ಟ್‌ವೇರ್ ಯೋಜನೆಯ ಉಪಕರಣಗಳಿಂದ ಹರಡಿದ ಪದ್ಧತಿಯಲ್ಲಿ ಉದ್ದ ಹೆಸರಿನ ಆಯ್ಕೆಯ ಮುಂದೆ ಎರಡು ಹೈಫನ್ ಬರುತ್ತದೆ. ಅಲ್ಲಿ ಎರಡು ಹೈಫನ್ ಅಂದರೆ ಎರಡು ಹೈಫನ್, ಅಷ್ಟೇ. ನೋಡಲು ಗುರುತು ಒಂದೇ, ಅರ್ಥ ಎರಡು.

ಪುಟದ ಒಳಗೆ ಈ ತೊಂದರೆ ಇಲ್ಲ ಯಾಕೆ? ಕೋಡ್, ಪ್ರಿ, ಕೆಬಿಡಿ ಮೊದಲಾದ ಟ್ಯಾಗ್‌ಗಳ, ಅಂದರೆ ವೆಬ್ ಪುಟದ ಭಾಗಗಳನ್ನು ಗುರುತಿಸುವ ಸಂಕೇತಗಳ, ಒಳಗಿರುವುದನ್ನು ಆ ಫಂಕ್ಷನ್ ಮುಟ್ಟುವುದಿಲ್ಲ. ನಮ್ಮ ತಲೆಬರಹಗಳಲ್ಲಿ ಟ್ಯಾಗ್ ಇರಲಿಲ್ಲ, ಅದು ಬರೀ ಒಂದು ಸಾಲು. ಅಂದರೆ ಇದು ಕೋಡ್ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ಬದಲಾವಣೆ ನಡೆಯುವುದು ತೋರಿಸುವಾಗ ಮಾತ್ರ. ಡೇಟಾಬೇಸಿನಲ್ಲಿ ಎರಡು ಹೈಫನ್ ಭದ್ರವಾಗಿರುತ್ತದೆ. ಬರೆಯುವವರು ಎಡಿಟ್ ಪರದೆ ತೆರೆದರೆ ಸರಿಯಾಗಿಯೇ ಕಾಣುತ್ತದೆ. ತಪ್ಪು ಕಾಣುವುದು ಓದುಗರಿಗೆ ಮಾತ್ರ.

ಉಳಿದ ಪುಟಗಳನ್ನು ನೋಡಿದಾಗ ಹಾನಿ ಒಂದೇ ಬಗೆಯದಲ್ಲ ಅಂತ ಗೊತ್ತಾಯಿತು. ಎರಡು ಬ್ರಾಂಚ್, ಅಂದರೆ ಕೋಡಿನ ಎರಡು ಕವಲುಗಳನ್ನು ಹೋಲಿಸುವ ಗಿಟ್ ಡಿಫ್ ಕಮಾಂಡಿನಲ್ಲಿ ಎರಡು ಚುಕ್ಕಿಗೆ ಒಂದು ಅರ್ಥ, ಮೂರು ಚುಕ್ಕಿಗೆ ಇನ್ನೊಂದು ಅರ್ಥ. ಮೂರು ಚುಕ್ಕಿ ಒಂದೇ ಅಕ್ಷರವಾದರೆ ಗಿಟ್‌ಗೆ ಅದು ಏನೂ ಅಲ್ಲ. ವಿಡಿಯೋ ಅಳತೆ ಹೇಳುವ ಪುಟದಲ್ಲಿ 1280 ಮತ್ತು 720ರ ನಡುವಿನ ಎಕ್ಸ್ ಅಕ್ಷರ × ಆಗಿತ್ತು. ಕೊಟೇಶನ್ ಇದ್ದ ಕಮಾಂಡ್‌ಗಳದ್ದು ಇನ್ನೂ ಕಷ್ಟ. ಬಾಗಿದ ಕೊಟೇಶನ್‌ಗೆ ಶೆಲ್‌ನಲ್ಲಿ, ಅಂದರೆ ಟರ್ಮಿನಲ್ ಒಳಗೆ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮಿನಲ್ಲಿ, ಯಾವ ವಿಶೇಷ ಅರ್ಥವೂ ಇಲ್ಲ. ಅದನ್ನು ಮಾಮೂಲಿ ಅಕ್ಷರ ಅಂತ ತೆಗೆದುಕೊಂಡು ಮುಂದೆ ಹೋಗುತ್ತದೆ. ಎಷ್ಟೋ ಸಲ ದೋಷವೂ ಬರುವುದಿಲ್ಲ, ತಪ್ಪು ಫಲಿತಾಂಶ ಬರುತ್ತದೆ. ಕಲಿಯುವವರು ತಮಗೇ ಅರ್ಥವಾಗಿಲ್ಲ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ಚುಚ್ಚಿದ್ದು ಅದೇ.

ಮೊದಲ ಪ್ರಯತ್ನಗಳು

ಹುಡುಗ ಆ ದಿನವೇ ಒಂದು ದಾರಿ ಹುಡುಕಿದ್ದ. ತಲೆಬರಹದಲ್ಲಿ ಎರಡು ಹೈಫನ್‌ಗಳ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಖಾಲಿ ಅಕ್ಷರ ಸೇರಿಸಿದ. ಅದರ ಸಂಖ್ಯೆ 8203. ಎರಡು ಹೈಫನ್ ಪಕ್ಕಪಕ್ಕ ಇಲ್ಲದ ಕಾರಣ ಫಂಕ್ಷನ್ ಸುಮ್ಮನಾಯಿತು. ಪುಟದಲ್ಲಿ ಎರಡು ಹೈಫನ್ ಚೆನ್ನಾಗಿ ಕಂಡವು. ನಾವು ಸಮಸ್ಯೆ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ, ಇನ್ನೂ ಆಳಕ್ಕೆ ಹೋಗಿತ್ತು. ಈಗ ಕಾಪಿ ಮಾಡಿದವರ ಟರ್ಮಿನಲ್‌ಗೆ ಆ ಕಾಣದ ಅಕ್ಷರವೂ ಹೋಗುತ್ತಿತ್ತು. ಮುಂಚೆ ಗೆರೆ ಉದ್ದ ಇದೆ ಅಂತ ಸೂಕ್ಷ್ಮವಾಗಿ ನೋಡಿದವರಿಗಾದರೂ ಗೊತ್ತಾಗುತ್ತಿತ್ತು. ಈಗ ಕಣ್ಣಿಂದ ಪತ್ತೆ ಮಾಡಲು ಸಾಧ್ಯವೇ ಇಲ್ಲ. ಕನ್ನಡ ಟೈಪ್ ಮಾಡುವವರಿಗೆ ಕಾಣದ ಅಕ್ಷರಗಳ ಪರಿಚಯ ಇರುತ್ತದೆ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ಟ್’ ಕೆಳಗೆ ‘ವ’ ಒತ್ತಾಗಿ ಕೂರದ ಹಾಗೆ ತಡೆಯುವುದು ಅಂಥದೇ ಒಂದು ಅಕ್ಷರ, ಸಂಖ್ಯೆ 8204. ಅಲ್ಲಿ ಅದು ಬರಹದ ಭಾಗ, ಅದಕ್ಕೊಂದು ಕೆಲಸ ಇದೆ. ಇಲ್ಲಿ ನಾವು ಒಂದು ಫಂಕ್ಷನ್ ಕಣ್ಣು ತಪ್ಪಿಸಲು ಬರಹದಲ್ಲೇ ಏನೋ ಅಡಗಿಸಿಟ್ಟಿದ್ದೆವು.

ಆಮೇಲೆ ಹೈಫನ್ ಬದಲು ಅದರ ಎಚ್‌ಟಿಎಂಎಲ್ ಸಂಕೇತ - ಹಾಕಿ ನೋಡಿದೆವು. ಪುಟದಲ್ಲಿ ಕಂಡದ್ದೂ ಸರಿ, ಕಾಪಿಯೂ ಸರಿ. ಆದರೆ ಈಗ ಡೇಟಾಬೇಸಿನಲ್ಲಿರುವ ತಲೆಬರಹವೇ ಕೆಟ್ಟಿತ್ತು. ತಾಣದ ಹುಡುಕಾಟದಲ್ಲಿ ‘--ಅಮೆಂಡ್’ ಅಂತ ಹಾಕಿದರೆ ಪುಟ ಸಿಗುತ್ತಿರಲಿಲ್ಲ. ಹೊಸ ಪುಟ ಬಂದಾಗ ಓದುಗರಿಗೆ ಹೋಗುವ ಇಮೇಲ್‌ನ ವಿಷಯದ ಸಾಲಿನಲ್ಲಿ -- ಅಂತ ಹಸಿಹಸಿಯಾಗಿ ಕಾಣಿಸಿತು.

ಈ ಎರಡರಿಂದ ನಾವು ಒಂದು ತೀರ್ಮಾನಕ್ಕೆ ಬಂದೆವು. ಡೇಟಾಬೇಸಿನಲ್ಲಿ ಇರುವುದು ಶುದ್ಧ ಬರಹ. ತೋರಿಸುವ ಹಂತದ ತೊಂದರೆಗೆ ಅಲ್ಲಿ ಕೈ ಹಾಕಬಾರದು. ಮುಂದೆ ಯಾವ ದಾರಿ ಹಿಡಿಯಬೇಕು ಅನ್ನುವಾಗೆಲ್ಲ ಈ ತೀರ್ಮಾನ ನಮಗೆ ನೆರವಾಯಿತು.

ಆಗ ನಾನು ಸುಲಭದ ದಾರಿ ಹಿಡಿದೆ. ಇಡೀ ಫಂಕ್ಷನ್ ನಿಲ್ಲಿಸಲು ವರ್ಡ್‌ಪ್ರೆಸ್ ಒಂದು ಫಿಲ್ಟರ್ (ನಮ್ಮ ಕೋಡ್ ನಡುವೆ ಸೇರಿ ಬದಲಾವಣೆ ಮಾಡಬಹುದಾದ ಜಾಗ) ಕೊಟ್ಟಿದೆ, 2014ರ 4.0 ಆವೃತ್ತಿಯಿಂದ. ಹೆಸರು ರನ್ ಡಬ್ಲ್ಯೂಪಿಟೆಕ್ಸ್ಚರೈಸ್. ಒಂದೇ ಸಾಲು ಬರೆದರೆ ಸಾಕು. ಬರೆದೆ. ಕಮಾಂಡ್ ಪುಟಗಳೆಲ್ಲ ಸರಿಯಾದವು.

ಸಂಪಾದಕಿ ಬೆಳಿಗ್ಗೆ ಲೇಖನಗಳನ್ನು ತೆರೆದು ನೋಡಿ ನನ್ನ ಹತ್ತಿರ ಬಂದರು. ಎಲ್ಲ ಕಡೆ ನೇರ ಕೊಟೇಶನ್, ಎಲ್ಲ ಕಡೆ ಎರಡೆರಡು ಹೈಫನ್. “ಒಂದು ಕೋಣೆಯ ಬಾಗಿಲು ಸರಿ ಇಲ್ಲ ಅಂತ ಮನೆಯ ಬಾಗಿಲೆಲ್ಲ ಕಿತ್ತುಬಿಟ್ಟಿರಲ್ಲ” ಅಂದರು. ಅವರ ಮಾತು ನ್ಯಾಯವಾಗಿತ್ತು. ನೂರಾರು ಲೇಖನಗಳನ್ನು ಈ ಸೌಲಭ್ಯ ಇದೆ ಅಂತ ನಂಬಿಕೊಂಡೇ ಬರೆದಿದ್ದರು. ನಾನು ಸಾಲು ತೆಗೆದೆ.

ಅದೇ ಫಿಲ್ಟರನ್ನು ಕೆಲವು ತಲೆಬರಹಗಳಿಗೆ ಮಾತ್ರ ಬಳಸಲು ನೋಡಿದ್ದು ಮುಂದಿನ ಹೆಜ್ಜೆ. ಕಮಾಂಡ್ ತಲೆಬರಹ ಬಂದಾಗ ಬೇಡ ಅನ್ನುವುದು, ಉಳಿದದ್ದಕ್ಕೆ ಸರಿ ಅನ್ನುವುದು. ಒಂಟಿ ಪುಟದಲ್ಲಿ ನೋಡಿದಾಗ ಸರಿಯಾಗಿತ್ತು. ಪಟ್ಟಿ ಪುಟದಲ್ಲಿ, ಅಂದರೆ ಹತ್ತಾರು ತಲೆಬರಹಗಳು ಒಟ್ಟಿಗೆ ಬರುವಲ್ಲಿ, ಏನೂ ಆಗಿರಲಿಲ್ಲ. ಅರ್ಧ ದಿನ ನನ್ನ ಕೋಡನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಕೊನೆಗೆ ವರ್ಡ್‌ಪ್ರೆಸ್‌ನ ಮೂಲ ಕೋಡ್ ತೆರೆದೆ. ಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ಅದು ಒಂದು ಪುಟ ಕಟ್ಟುವಾಗ ಒಂದೇ ಸಲ ಕೇಳುತ್ತದೆ. ಬಂದ ಉತ್ತರವನ್ನು ನೆನಪಿಟ್ಟುಕೊಂಡು ಪುಟ ಮುಗಿಯುವ ತನಕ ಅದನ್ನೇ ಬಳಸುತ್ತದೆ. ಅಂದರೆ ಒಂಟಿ ಪುಟದಲ್ಲಿ ಸರಿಯಾಗಿ ಕಂಡದ್ದೂ ನಿಜವಾಗಿ ಸರಿಯಲ್ಲ. ಅಲ್ಲಿ ಇಡೀ ಪುಟಕ್ಕೇ, ಒಳಗಿನ ವಿವರಣೆಗೂ ಸೇರಿಸಿ, ಅಚ್ಚಿನ ರೂಪ ನಿಂತುಹೋಗಿತ್ತು.

ಆ ಮೂಲ ಕೋಡ್ ಓದಿದ್ದು ವ್ಯರ್ಥ ಆಗಲಿಲ್ಲ. ಎರಡು ಹೈಫನ್ ಬದಲಿಸುವ ನಿಯಮದಲ್ಲಿ ಒಂದು ವಿನಾಯಿತಿ ಕಂಡಿತು. ಎರಡು ಹೈಫನ್‌ಗೆ ಮುಂಚೆ ‘ಎಕ್ಸ್‌ಎನ್’ ಅಂತ ಇದ್ದರೆ ಮುಟ್ಟಬಾರದು ಅಂತ ಬರೆದಿದ್ದಾರೆ. ಇಂಗ್ಲಿಷ್ ಅಲ್ಲದ ಲಿಪಿಯ ಡೊಮೇನ್ ಹೆಸರುಗಳು ಒಳಗೆ ಹಾಗೆ ಶುರುವಾಗುತ್ತವೆ. × ಮಾಡುವ ನಿಯಮದಲ್ಲೂ ಹಾಗೇ: ಸೊನ್ನೆಯ ಜೊತೆ ಎಕ್ಸ್ ಸೇರಿಸಿ ಬರೆಯುವ ಹೆಕ್ಸಾಡೆಸಿಮಲ್ ಸಂಖ್ಯೆಗಳನ್ನು ಬಿಟ್ಟಿದ್ದಾರೆ. ಆ ಸಾಲುಗಳನ್ನು ನೋಡಿ ನನಗೆ ಧೈರ್ಯ ಬಂತು. ಅಚ್ಚಿನ ರೂಪ ಕೊಡುವವರೇ ಕೆಲವು ಬರಹ ಓದಲಿಕ್ಕಲ್ಲ, ಯಂತ್ರಕ್ಕೆ ಕೊಡಲಿಕ್ಕೆ ಅಂತ ಒಪ್ಪಿಕೊಂಡಿದ್ದಾರೆ. ನಾವು ಅದೇ ಮಾತನ್ನು ನಮ್ಮ ತಾಣಕ್ಕೆ ಹೇಳಬೇಕಿತ್ತು, ಅಷ್ಟೇ.

ಯಾವ ತಲೆಬರಹ ಅಂತ ಯಾರು ಹೇಳಬೇಕು?

ತಲೆಬರಹಕ್ಕೆ ಬೇರೆ ದಾರಿ ಇತ್ತು. ವರ್ಡ್‌ಪ್ರೆಸ್ ತಲೆಬರಹಗಳನ್ನು ‘ದ ಟೈಟಲ್’ ಅನ್ನುವ ಫಿಲ್ಟರ್ ಮೂಲಕ ಕಳಿಸುತ್ತದೆ. ಟೆಕ್ಸ್ಚರೈಸ್ ಫಂಕ್ಷನ್ ಅಲ್ಲಿ ಹತ್ತನೇ ಕ್ರಮದಲ್ಲಿ ಕೂತಿದೆ. ಅದನ್ನು ಅಲ್ಲಿಂದ ಎಬ್ಬಿಸಿ ನಮ್ಮದೊಂದು ಸಣ್ಣ ಫಂಕ್ಷನ್ ಕೂರಿಸಿದೆ. ಅದಕ್ಕೆ ತಲೆಬರಹವೂ ಪುಟದ ಸಂಖ್ಯೆಯೂ ಸಿಗುತ್ತವೆ. ಈ ಪುಟ ಹೊರಗಿಡಬೇಕಾದದ್ದಾ? ಹೌದಾದರೆ ಬರೆದದ್ದನ್ನು ಹಾಗೇ ಕೊಡು. ಅಲ್ಲವಾದರೆ ಟೆಕ್ಸ್ಚರೈಸ್‌ಗೆ ಕಳಿಸು. ತಾಂತ್ರಿಕವಾಗಿ ಇಷ್ಟೇ.

ನಿಜವಾದ ಕಷ್ಟ ಆ ‘ಹೊರಗಿಡಬೇಕಾದದ್ದಾ’ ಅನ್ನುವ ಪ್ರಶ್ನೆಯಲ್ಲಿತ್ತು. ಉತ್ತರ ಎಲ್ಲಿಂದ ಬರಬೇಕು?

ನಾನು ಮೊದಲು ಕೋಡಿನಲ್ಲೇ ಪುಟ ಸಂಖ್ಯೆಗಳ ಪಟ್ಟಿ ಹಾಕಿದೆ. ಅವತ್ತಿನ ಮಟ್ಟಿಗೆ ಎಲ್ಲವೂ ಸರಿಯಾಯಿತು. ಕೆಲವು ವಾರಗಳ ನಂತರ ಹುಡುಗ ಹೊಸ ಪುಟಗಳನ್ನು ಬರೆದ. ಪಟ್ಟಿಗೆ ಸೇರಿಸಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಪಟ್ಟಿ ಇರುವುದು ನನ್ನ ಫೈಲಿನಲ್ಲಿ. ಹೊಸ ಪುಟಗಳಲ್ಲಿ ಮತ್ತೆ ಅದೇ ಒಂಟಿ ಗೆರೆ. ಪರೀಕ್ಷೆಗೆ ಅಂತ ತಾಣದ ಪುಟಗಳನ್ನು ಬೇರೆ ಕಡೆ ಆಮದು ಮಾಡಿದಾಗ ಪುಟ ಸಂಖ್ಯೆಗಳೇ ಬದಲಾದವು. ಪಟ್ಟಿ ಯಾವುದೋ ಲೇಖನಗಳನ್ನು ತೋರಿಸುತ್ತಿತ್ತು.

ಆಮೇಲೆ ತಲೆಬರಹ ನೋಡಿ ಕೋಡೇ ಊಹಿಸಲಿ ಅಂತ ಹೊರಟೆವು. ಖಾಲಿ ಜಾಗದ ನಂತರ ಎರಡು ಹೈಫನ್, ಅದಕ್ಕೆ ಅಂಟಿಕೊಂಡು ಅಕ್ಷರ ಇದ್ದರೆ ಕಮಾಂಡ್. ಇದು ಚೆನ್ನಾಗಿಯೇ ನಡೆಯಿತು. ಲೇಖನದ ತಲೆಬರಹಗಳಲ್ಲಿ ಡ್ಯಾಶಿನ ಎರಡೂ ಕಡೆ ಜಾಗ ಬಿಡುವುದು ನಮ್ಮ ರೂಢಿ. ಆದರೆ ಮೂರು ಚುಕ್ಕಿ? ‘ಮುಂದೇನು...’ ಅನ್ನುವ ಲೇಖನವೂ ಇತ್ತು, ಬ್ರಾಂಚ್ ಹೋಲಿಸುವ ಕಮಾಂಡೂ ಇತ್ತು. ಕೊಟೇಶನ್ ಅಂತೂ ಎರಡೂ ಕಡೆ ಸಹಜ. ಒಂದೊಂದು ಹೊಸ ಪುಟಕ್ಕೂ ಒಂದೊಂದು ನಿಯಮ ಸೇರಿಸುತ್ತಾ ಹೋದೆ. ಕೊನೆಗೆ ಆ ನಿಯಮಗಳು ನನಗೇ ಓದಲು ಕಷ್ಟವಾಗುವಷ್ಟು ಬೆಳೆದವು.

ತಿರುವು ಬಂದದ್ದು ಸಂಪಾದಕಿಯ ಒಂದು ಪ್ರಶ್ನೆಯಿಂದ. “ಬರೆಯುವಾಗಲೇ ಬರೆಯುವವರಿಗೆ ಗೊತ್ತಿರುತ್ತೆ ಅಲ್ವಾ, ಇದು ಕಮಾಂಡೋ ವಾಕ್ಯವೋ ಅಂತ? ಅವರನ್ನೇ ಯಾಕೆ ಕೇಳಬಾರದು?”

ಅಷ್ಟು ಹೊತ್ತು ನಾವು ಗೊತ್ತಿರುವವರನ್ನು ಬಿಟ್ಟು, ಗೊತ್ತಿಲ್ಲದ ಕೋಡನ್ನು ಕೇಳುತ್ತಿದ್ದೆವು. ಎಡಿಟ್ ಪರದೆಯಲ್ಲಿ ತಲೆಬರಹದ ಹತ್ತಿರವೇ ಒಂದು ಟಿಕ್ ಬಾಕ್ಸ್ ಇಟ್ಟೆವು. ಪಕ್ಕದಲ್ಲಿ ‘ತಲೆಬರಹವನ್ನು ಬರೆದ ಹಾಗೇ ತೋರಿಸು’ ಅಂತ ಬರೆದೆವು. ಟಿಕ್ ಹಾಕಿದರೆ ಅದು ಆ ಪುಟದ ಜೊತೆಗೇ ಉಳಿಯುತ್ತದೆ. ಪುಟವನ್ನು ಬೇರೆ ಕಡೆ ಸಾಗಿಸಿದರೂ ಜೊತೆಗೇ ಹೋಗುತ್ತದೆ. ಕಮಾಂಡ್ ವಿಭಾಗದಲ್ಲಿ ಹೊಸ ಪುಟ ತೆರೆದರೆ ಟಿಕ್ ತಾನಾಗಿಯೇ ಬಿದ್ದಿರುತ್ತದೆ, ಬೇಡವಾದರೆ ತೆಗೆಯಬಹುದು. ಹಳೆಯ ಊಹೆಯ ನಿಯಮವನ್ನು ಪೂರ್ತಿ ಎಸೆಯಲಿಲ್ಲ. ಕಮಾಂಡಿನ ಹಾಗೆ ಕಾಣುವ ತಲೆಬರಹಕ್ಕೆ ಟಿಕ್ ಇಲ್ಲದಿದ್ದರೆ ಎಡಿಟ್ ಪರದೆಯಲ್ಲಿ ಒಂದು ಸಾಲು ನೆನಪಿಸುತ್ತದೆ. ತೀರ್ಮಾನ ಮಾತ್ರ ಬರೆಯುವವರದ್ದೇ.

ಅನುಮಾನ ಇದ್ದಾಗ ಯಾವ ಕಡೆ ವಾಲಬೇಕು ಅಂತಲೂ ಮಾತಾಡಿಕೊಂಡೆವು. ಲೇಖನದ ತಲೆಬರಹ ಅಚ್ಚಿನ ರೂಪ ಇಲ್ಲದೆ ಕಂಡರೆ ಸ್ವಲ್ಪ ಒರಟಾಗಿ ಕಾಣುತ್ತದೆ. ಕಮಾಂಡ್ ಅಚ್ಚಿನ ರೂಪದಲ್ಲಿ ಕಂಡರೆ ಒಬ್ಬರ ಕೆಲಸ ನಿಲ್ಲುತ್ತದೆ. ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಹಾಗಾಗಿ ಅನುಮಾನ ಬಂದರೆ ಮುಟ್ಟದೆ ಬಿಡುವುದು ಅಂತ ಆಯಿತು. ಅಚ್ಚುಕಟ್ಟನ್ನು ಅಷ್ಟು ಪ್ರೀತಿಸುವ ಸಂಪಾದಕಿಯೇ ಈ ಮಾತನ್ನು ಮೊದಲು ಹೇಳಿದರು. ನನಗೆ ಅವರ ಮೇಲಿನ ಗೌರವ ಇನ್ನೂ ಜಾಸ್ತಿಯಾಯಿತು.

ತಲೆಬರಹ ಒಂದೇ ಕಡೆ ಇರುವುದಿಲ್ಲ

ಟಿಕ್ ಬಾಕ್ಸ್ ಬಂದ ಮೇಲೆ ಪುಟದ ತಲೆಬರಹ, ಪಟ್ಟಿಗಳು, ಫೀಡ್ (ಹೊಸ ಪುಟಗಳ ವಿವರವನ್ನು ಬೇರೆ ಪ್ರೋಗ್ರಾಮ್‌ಗಳಿಗೆ ಕೊಡುವ ಪಟ್ಟಿ) ಎಲ್ಲ ಸರಿಯಾದವು. ಆದರೆ ಬ್ರೌಸರ್ ಟ್ಯಾಬ್ ಮೇಲೆ ಇನ್ನೂ ಒಂಟಿ ಗೆರೆ. ಮೆನುವಿನಲ್ಲೂ ಹಾಗೇ. ಈ ಹಂತ ಸ್ವಲ್ಪ ತಾಂತ್ರಿಕ. ಆದರೂ ವಿವರವಾಗಿ ಬರೆಯುತ್ತೇನೆ, ಯಾಕಂದರೆ ಇದೇ ಕೆಲಸ ಮಾಡುವವರು ಇಲ್ಲೇ ಎಡವುತ್ತಾರೆ.

ಟ್ಯಾಬ್ ಮೇಲಿನ ಹೆಸರು ‘ದ ಟೈಟಲ್’ ದಾರಿಯಲ್ಲಿ ಬರುವುದಿಲ್ಲ. ಒಂಟಿ ಪುಟದ ತಲೆಬರಹ ಮೊದಲು ‘ಸಿಂಗಲ್ ಪೋಸ್ಟ್ ಟೈಟಲ್’ ಅನ್ನುವ ಫಿಲ್ಟರ್ ಹಾಯುತ್ತದೆ. ಆಮೇಲೆ ಅದಕ್ಕೆ ತಾಣದ ಹೆಸರು ಸೇರಿ, ಇಡೀ ಸಾಲು ‘ಡಾಕ್ಯುಮೆಂಟ್ ಟೈಟಲ್’ ಫಿಲ್ಟರ್ ಹಾಯುತ್ತದೆ. ಎರಡೂ ಕಡೆ ಟೆಕ್ಸ್ಚರೈಸ್ ಕೂತಿದೆ. ನಾನು ಎರಡನೆಯದನ್ನು ಮಾತ್ರ ತೆಗೆದಿದ್ದೆ, ಏನೂ ಬದಲಾಗಲಿಲ್ಲ. ಮೊದಲ ಬಾಗಿಲಲ್ಲೇ ಹೈಫನ್‌ಗಳು ಗೆರೆಯಾಗಿ ಬರುತ್ತಿದ್ದವು. ಟಿಕ್ ಇರುವ ಪುಟಗಳಿಗೆ ಎರಡೂ ಕಡೆ ತೆಗೆದ ಮೇಲೆ ಸರಿಯಾಯಿತು. ತಾಣದ ಹೆಸರಿಗೆ ಮುಂಚೆ ಬರುವ ಡ್ಯಾಶ್ ಈಗ ಬರೀ ಹೈಫನ್ ಆಗಿ ಕಾಣುತ್ತದೆ. ಟ್ಯಾಬ್ ಮೇಲೆ ಅದರಿಂದ ಯಾರಿಗೂ ತೊಂದರೆ ಇಲ್ಲ.

ಮೆನುವಿನದ್ದು ಬೇರೆ ಸೂಕ್ಷ್ಮ. ಅಲ್ಲಿ ‘ದ ಟೈಟಲ್’ ಫಿಲ್ಟರೇ ಓಡುತ್ತದೆ. ಆದರೆ ಅದಕ್ಕೆ ಸಿಗುವ ಸಂಖ್ಯೆ ಪುಟದ್ದಲ್ಲ, ಮೆನುವಿನ ಆ ಸಾಲಿನದ್ದು. ಮೆನು ಸಾಲಿಗೂ ತನ್ನದೇ ಸಂಖ್ಯೆ ಇರುತ್ತದೆ. ನಮ್ಮ ಫಂಕ್ಷನ್ ಆ ಸಂಖ್ಯೆ ಹಿಡಿದು ಟಿಕ್ ಇದೆಯಾ ಅಂತ ನೋಡುತ್ತಿತ್ತು. ಇರಲಿಲ್ಲ, ಹಾಗಾಗಿ ಅಚ್ಚಿನ ರೂಪ ಕೊಡುತ್ತಿತ್ತು. ಬಂದದ್ದು ಮೆನು ಸಾಲಾದರೆ ಅದು ತೋರಿಸುವ ಮೂಲ ಪುಟ ಯಾವುದು ಅಂತ ಹುಡುಕಿ, ಆ ಪುಟದ ಟಿಕ್ ನೋಡಬೇಕು.

ಇನ್ನೊಂದು ದಿನ ತಾಣದ ಒಂದು ಭಾಗ ಪೂರ್ತಿ ನಿಂತುಹೋಯಿತು. ಹಳೆಯ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಒಂದು ‘ದ ಟೈಟಲ್’ ಫಿಲ್ಟರಿಗೆ ತಲೆಬರಹ ಮಾತ್ರ ಕೊಟ್ಟು, ಪುಟ ಸಂಖ್ಯೆ ಕೊಡದೆ ಕರೆಯುತ್ತಿತ್ತು. ನಮ್ಮ ಫಂಕ್ಷನ್ ಎರಡನ್ನೂ ಕೇಳುತ್ತಿತ್ತು. ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯಲ್ಲಿ, 7.1ರಿಂದ ಈಚೆಗೆ, ಫಂಕ್ಷನ್‌ಗೆ ಬೇಕಾದ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಮಾಹಿತಿ) ಬರದಿದ್ದರೆ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುವುದಿಲ್ಲ, ಕೆಲಸವೇ ನಿಲ್ಲುತ್ತದೆ. ಪುಟ ಸಂಖ್ಯೆ ಬರದಿದ್ದರೆ ಸೊನ್ನೆ ಅಂದುಕೋ ಅಂತ ಬರೆದದ್ದಕ್ಕೆ ಅದು ತೀರಿತು.

ಎಲ್ಲಕ್ಕಿಂತ ತಡವಾಗಿ ಸಿಕ್ಕಿದ್ದು ಇನ್ನೊಂದು ಅಚ್ಚಿನ ಪ್ಲಗಿನ್ ಮಾಡುತ್ತಿದ್ದ ಕೆಲಸ. ತಲೆಬರಹ ಎರಡು ಸಾಲಾದಾಗ ಕೊನೆಯ ಪದ ಒಂಟಿಯಾಗಿ ಕೆಳಗೆ ಬೀಳಬಾರದು ಅಂತ ಅದು ಕೊನೆಯ ಎರಡು ಪದಗಳ ನಡುವೆ ಮುರಿಯದ ಖಾಲಿ ಜಾಗ ಹಾಕುತ್ತಿತ್ತು. ಅದರ ಸಂಖ್ಯೆ 160, ಮಾಮೂಲಿ ಜಾಗದ ಸಂಖ್ಯೆ 32. ಕಣ್ಣಿಗೆ ಎರಡೂ ಒಂದೇ. ಶೆಲ್‌ಗೆ 160 ಪದಗಳನ್ನು ಬೇರೆ ಮಾಡುವ ಜಾಗವೇ ಅಲ್ಲ. ‘ಕಮಿಟ್’ ಮತ್ತು ‘--ಅಮೆಂಡ್’ ಅಂಟಿಕೊಂಡು ಒಂದೇ ಪದವಾಗುತ್ತವೆ, ಅಂಥ ಕಮಾಂಡ್ ಇಲ್ಲ ಅಂತ ಗಿಟ್ ಹೇಳುತ್ತದೆ. ಕಾಪಿ ಮಾಡುವಾಗ ಬ್ರೌಸರ್ ಅದನ್ನು ಮಾಮೂಲಿ ಜಾಗವಾಗಿ ಬದಲಿಸಿಕೊಡುವುದೂ ಉಂಟು. ಹಾಗಾಗಿ ಒಬ್ಬರಿಗೆ ಬಂದ ತೊಂದರೆ ಇನ್ನೊಬ್ಬರಿಗೆ ಬರುವುದಿಲ್ಲ, ಪತ್ತೆ ಮಾಡುವುದು ಕಷ್ಟ.

ಇಲ್ಲಿ ನಾವು ಹೊರಗಿಡುವ ದಾರಿ ಹಿಡಿಯಲಿಲ್ಲ. ಆ ಸೌಲಭ್ಯವನ್ನೇ ತಲೆಬರಹಗಳಿಂದ ತೆಗೆದು, ಅದರ ಕೆಲಸವನ್ನು ಪುಟದ ನೋಟ ಹೇಳುವ ಭಾಷೆಯಾದ ಸಿಎಸ್‌ಎಸ್‌ಗೆ ಕೊಟ್ಟೆವು. ಟೆಕ್ಸ್ಟ್-ರ‍್ಯಾಪ್ ಗುಣಕ್ಕೆ ಬ್ಯಾಲೆನ್ಸ್ ಅಂತ ಕೊಟ್ಟರೆ ಬ್ರೌಸರ್ ತಾನೇ ಸಾಲುಗಳನ್ನು ಸರಿತೂಗಿಸುತ್ತದೆ. ಕ್ರೋಮ್‌ನಲ್ಲಿ ಇದು 2023ರ 114ನೇ ಆವೃತ್ತಿಯಲ್ಲಿ ಬಂತು. ನೋಟ ಬದಲಾಗುತ್ತದೆ, ಬರಹದ ಒಂದು ಅಕ್ಷರವೂ ಬದಲಾಗುವುದಿಲ್ಲ. ನೋಟದ ಕೆಲಸವನ್ನು ಹೀಗೆ ಬ್ರೌಸರಿಗೆ ಬಿಡಲು ಸಾಧ್ಯವಿದ್ದ ಕಡೆಯೆಲ್ಲ ಬಿಟ್ಟೆವು. ಹೊರಗಿಡುವ ಪಟ್ಟಿಯೇ ಬೇಡವಾಗುವುದು ಎಲ್ಲಕ್ಕಿಂತ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಫಲ, ಮತ್ತು ಉಳಿದದ್ದು

ಇಷ್ಟಾದ ಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಒಂದು ಸಣ್ಣ ಪರೀಕ್ಷೆ ಬರೆದೆವು. ಟಿಕ್ ಇರುವ ಪ್ರತಿ ಪುಟವನ್ನೂ ಅದು ಓದುಗರ ಹಾಗೆ ತೆರೆಯುತ್ತದೆ. ತಲೆಬರಹ, ಟ್ಯಾಬ್ ಹೆಸರು, ಮೆನು, ಫೀಡ್ ಎಲ್ಲ ಕಡೆಯ ಬರಹವನ್ನೂ ಎತ್ತಿ, ಡೇಟಾಬೇಸಿನಲ್ಲಿ ಇರುವುದರ ಜೊತೆ ಒಂದೊಂದು ಅಕ್ಷರದ ಸಂಖ್ಯೆಯನ್ನೂ ಹೋಲಿಸುತ್ತದೆ. ಬೇರೆ ಬಂದರೆ ಹೇಳುತ್ತದೆ. ಕಣ್ಣಿನಿಂದ ನೋಡಿ ಸರಿ ಅನ್ನುವುದನ್ನು ನಾವು ನಿಲ್ಲಿಸಿದೆವು.

ಮೊದಲ ಸಲ ಓಡಿಸಿದಾಗಲೇ ಅದು ನಮಗೆ ಗೊತ್ತಿಲ್ಲದ ಒಂದನ್ನು ಹಿಡಿಯಿತು. ಒಂದು ಪುಟದ ತಲೆಬರಹದಲ್ಲಿ ವರ್ಡ್‌ಪ್ರೆಸ್ ಅನ್ನುವುದು ಫೋಲ್ಡರ್ ಹೆಸರಾಗಿ ಬಂದಿತ್ತು, ನಡುವಿನ ಪಿ ಅಕ್ಷರ ಸಣ್ಣದು. ತೋರಿಸುವಾಗ ಅದು ದೊಡ್ಡದಾಗುತ್ತಿತ್ತು. ವರ್ಡ್‌ಪ್ರೆಸ್ ತನ್ನ ಹೆಸರಿನ ಬರವಣಿಗೆಯನ್ನು ತಾನೇ ತಿದ್ದುವ ಫಿಲ್ಟರ್ ಒಂದು 2010ರ 3.0 ಆವೃತ್ತಿಯಿಂದ ಇದೆ. ಟೆಕ್ಸ್ಚರೈಸ್ ಆದ ನಂತರ, ಹನ್ನೊಂದನೇ ಕ್ರಮದಲ್ಲಿ ಅದು ಓಡುತ್ತದೆ. ಫೋಲ್ಡರ್ ಹೆಸರಿನಲ್ಲಿ ಸಣ್ಣಕ್ಷರ ದೊಡ್ಡಕ್ಷರ ಬೇರೆ ಬೇರೆ ಅನ್ನುವ ಕಂಪ್ಯೂಟರ್‌ಗಳಲ್ಲಿ ಅದೂ ತಪ್ಪೇ. ಟಿಕ್ ಇರುವ ಪುಟಗಳಿಗೆ ಅದನ್ನೂ ತೆಗೆದೆವು.

ಪುಟಗಳನ್ನು ಮೊದಲೇ ಕಟ್ಟಿಟ್ಟುಕೊಳ್ಳುವ ಕ್ಯಾಶ್ ತೆರವು ಮಾಡುವ ತನಕ ಹಳೆಯ ತಲೆಬರಹಗಳು ಕೆಲವರಿಗೆ ಕಾಣುತ್ತಲೇ ಇದ್ದವು. ಮೊದಲು ಪತ್ರ ಬರೆದ ಓದುಗರಿಗೆ ನಾನೇ ಉತ್ತರ ಬರೆದೆ. ತಪ್ಪು ನಿಮ್ಮದಲ್ಲ, ನಮ್ಮ ಪುಟದ್ದು ಅಂತ ತಿಳಿಸಿ, ಏನಾಗಿತ್ತು ಅಂತ ಪೂರ್ತಿ ವಿವರಿಸಿದೆ. ಯಾರಾದರೂ ಕಾಪಿ ಮಾಡಿದ್ದು ಕೆಲಸ ಮಾಡುತ್ತಿಲ್ಲ ಅಂದರೆ, ಯಾವ ಜಾಗದಿಂದ ಕಾಪಿ ಮಾಡಿದಿರಿ, ಆ ಸಾಲನ್ನು ಹಾಗೇ ಕಳಿಸುತ್ತೀರಾ ಅಂತ ಈಗ ಮೊದಲೇ ಕೇಳುತ್ತೇವೆ.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ಕೆಲವು ತಲೆಬರಹಗಳಲ್ಲಿ ಅರ್ಧ ವಾಕ್ಯ, ಅರ್ಧ ಕಮಾಂಡ್. ‘--ಫೋರ್ಸ್ ಬಳಸುವ ಮುಂಚೆ “ನಿಜವಾಗಿ ಬೇಕಾ” ಅಂತ ಕೇಳಿಕೊಳ್ಳಿ’ ಅನ್ನುವಂಥವು. ಟಿಕ್ ಹಾಕಿದರೆ ಹೈಫನ್‌ಗಳು ಉಳಿಯುತ್ತವೆ, ಕೊಟೇಶನ್ ನೇರವಾಗಿಯೇ ಇರುತ್ತದೆ. ತೆಗೆದರೆ ಕೊಟೇಶನ್ ಚೆನ್ನಾಗಿ ಬಾಗುತ್ತದೆ, ಹೈಫನ್‌ಗಳು ಹೋಗುತ್ತವೆ. ತಲೆಬರಹದ ಒಳಗೆ ಕಮಾಂಡ್ ಭಾಗವನ್ನು ಮಾತ್ರ ಗುರುತು ಮಾಡಲು ಒಂದು ಚಿಹ್ನೆ ಇಡೋಣ ಅಂತ ಹುಡುಗ ಹೇಳಿದ. ಆದರೆ ಆ ಚಿಹ್ನೆ ಡೇಟಾಬೇಸಿನಲ್ಲೇ ಕೂರುತ್ತದೆ, ಫೀಡ್‌ನಲ್ಲೂ ಇಮೇಲ್‌ನಲ್ಲೂ ಇಣುಕುತ್ತದೆ. ಅದು ನಾವು ಮೊದಲೇ ಬೇಡ ಅಂದುಕೊಂಡ ದಾರಿ. ಸದ್ಯಕ್ಕೆ ಟಿಕ್ ಹಾಕಿ, ಬಾಗಿದ ಕೊಟೇಶನ್ ಗುರುತುಗಳನ್ನು ಸಂಪಾದಕಿಯೇ ಕೈಯಾರೆ ಟೈಪ್ ಮಾಡುತ್ತಿದ್ದಾರೆ. ಅಂಥ ಪುಟಗಳು ಈಗ ಬೆರಳೆಣಿಕೆಯಷ್ಟಿವೆ. ಜಾಸ್ತಿಯಾದರೆ ಮತ್ತೆ ಕೂತು ಯೋಚಿಸಬೇಕು.